‘ದ ಶ್ವೊ’ ಕಾರು: ಅಶ್ವಶಕ್ತಿಯೋ, ಕುದುರೆಯೋ?

ಮಾನ್ಯರೇ,

ಫ್ರಾನ್ಸಿನ ಸಿತ್ರೊಯೆನ್ ಕಂಪನಿಯ ‘2ಸಿವಿ’ ಕಾರನ್ನು ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದು, ಅದು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕಾಗಿದೆ. 1948ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಜನರೆದುರು ಬಂದ ಈ ಪುಟ್ಟ ಕಾರನ್ನು ಫ್ರೆಂಚರು ‘ದ ಶ್ವೊ’, ಅಂದರೆ ‘ಎರಡು ಕುದುರೆ’, ಎನ್ನುತ್ತಾರೆ; ‘ಸಿವಿ’ ಎಂಬುದು ಈ ‘ಶ್ವೊ’ ಲೆಕ್ಕದ ಕಿರುರೂಪ. ನಾನು ‘ಎರಡು ಅಶ್ವಶಕ್ತಿಯ ಕಾರು’ ಎಂದು ಬರೆದಿದ್ದೇನೆ. ಆದರೆ ಮುಂದಿನ ವಾಕ್ಯದಲ್ಲಿಯೇ ಎಂಜಿನ್ನಿನ ಬಲ ಒಂಬತ್ತು ಅಶ್ವಶಕ್ತಿ ಎಂದಿದೆ. ಸರಿಯಾದ ಪದವನ್ನು ದಯವಿಟ್ಟು ತಿಳಿಸಿ.

ಉತ್ತರ 1

ಮೊದಲು ‘ಅಶ್ವ’ವನ್ನು ಲಾಯದಿಂದ ಹೊರಗಟ್ಟಿ. ಲ್ಯಾಟಿನ್ನಿನಲ್ಲಿ ಕುದುರೆಗೆ ‘ಎಕ್ವುಸ್’ ಎಂಬ ಶಿಷ್ಟಪದವಿದ್ದರೂ ಫ್ರೆಂಚಿನ ‘ಶ್ವಲ್’ (‘ಶ್ವೊ’ದ ಏಕವಚನ) ಹುಟ್ಟಿದ್ದು ದುಡಿಯುವ ಕುದುರೆಗೆ ಆಡುಮಾತಿನಲ್ಲಿದ್ದ ‘ಕಬಲ್ಲುಸ್’ನಿಂದ. ಕಾರಾದರೂ ರೈತನಿಗಾಗಿಯೇ ಆದದ್ದು: ಇಬ್ಬರು ಒಕ್ಕಲಿಗರನ್ನೂ ಐವತ್ತು ಕಿಲೋ ಆಲೂಗೆಡ್ಡೆಯನ್ನೂ ಹೊರಬೇಕು, ಉತ್ತ ಹೊಲದಲ್ಲಿ ಹಾಯ್ದರೂ ಬುಟ್ಟಿಯಲ್ಲಿನ ಮೊಟ್ಟೆ ಒಡೆಯಬಾರದು ಎಂಬುದು ಕಂಪನಿಯ ಮುಖ್ಯಸ್ಥ ಪಿಯರ್-ಜೂಲ್ ಬುಲಾಂಜೆಯ ಷರತ್ತಾಗಿತ್ತು. ಅಂಥ ಬಂಡಿಗೆ ಸಂಸ್ಕೃತದ ಜೀನು ಏಕೆ? ‘ಇಕ್ಕೆಲ’ದಂತೆ ‘ಇಕ್ಕುದುರೆ’ ಎನ್ನಿ.

ಉತ್ತರ 2

‘ಇಕ್ಕುದುರೆ’ ಎಂದರೆ ಓದುಗನು ಯಾರೋ ಕುದುರೆಗೆ ಹುರುಳಿ ಇಕ್ಕುತ್ತಿದ್ದಾರೆಂದು ತಿಳಿಯುತ್ತಾನೆ. ಕೇಳಿದ್ದು ಬಲದ ವಿಷಯ, ವ್ಯುತ್ಪತ್ತಿಯ ವಿಷಯವಲ್ಲ. ಇಲ್ಲಿನ ಕುದುರೆ ತೆರಿಗೆ ಇಲಾಖೆಯದು. ವಾಹನತೆರಿಗೆಯನ್ನು ನಿಗದಿಪಡಿಸಲು ಫ್ರೆಂಚ್ ಸರಕಾರವು ಎಂಜಿನ್ನಿನ ಗಾತ್ರವನ್ನು ಆಧರಿಸಿ ಪ್ರತಿ ಕಾರಿಗೂ ಇಷ್ಟು ‘ಕುದುರೆ’ ಎಂದು ಲೆಕ್ಕ ಕಟ್ಟುತ್ತಿತ್ತು. 375 ಸಿಸಿಯ ಈ ಎಂಜಿನ್ನು ಎರಡರ ದರ್ಜೆಗೆ ಬಂದುದರಿಂದ, ಕೊಳ್ಳುವವನಿಗೆ ತೆರಿಗೆ ಹಗುರವೆಂಬುದು ಹೆಸರಿನಲ್ಲಿಯೇ ತಿಳಿಯುತ್ತಿತ್ತು. ಆದ್ದರಿಂದ ‘ಎರಡು ಅಶ್ವಶಕ್ತಿ’ ಎಂಬುದು ಶೈಲಿದೋಷವಲ್ಲ, ತಪ್ಪು ಮಾಹಿತಿ. ಮುಂದೆ 602 ಸಿಸಿಯ ಎಂಜಿನ್ನು ಬಂದು ಅದೇ ಕಾರು ತೆರಿಗೆಯ ಲೆಕ್ಕದಲ್ಲಿ ಮೂರು ಕುದುರೆಯದಾದಾಗಲೂ ಹೆಸರು ಬದಲಾಗಲಿಲ್ಲ. 1990ರಲ್ಲಿ ಪೋರ್ಚುಗಲ್ಲಿನಲ್ಲಿ ತಯಾರಿಕೆ ನಿಲ್ಲುವವರೆಗೂ ಅದು ‘2ಸಿವಿ’ಯಾಗಿಯೇ ಉಳಿಯಿತು. ಅರ್ಥ ಕಳಚಿಕೊಂಡ ಹೆಸರನ್ನು ಅನುವಾದಿಸಬಾರದು. ‘ತೆರಿಗೆಯ ಲೆಕ್ಕದಲ್ಲಿ ಎರಡು ಕುದುರೆಯದಾದ ಕಾರಣ 2ಸಿವಿ ಎನಿಸಿಕೊಂಡ, ಒಂಬತ್ತು ಅಶ್ವಶಕ್ತಿಯ ಕಾರು’ ಎಂದು ಒಮ್ಮೆ ಬರೆದು, ಮುಂದೆಲ್ಲ ‘2ಸಿವಿ’ ಎಂದೇ ಇಡಿ.

ಉತ್ತರ 3

ಹೆಸರಿನ ಮಾತು ಒಪ್ಪಿದೆ. ಬಲದ ಅಳತೆಗೆ ಮಾತ್ರ ‘ಕುದುರೆಬಲ’ ಎಂದರೆ ಎಂಜಿನ್ನು ನಿಂತುಹೋಗುತ್ತದೆಯೇ?

ಉತ್ತರ 4

ನಿಲ್ಲುವುದಿಲ್ಲ. ಆದರೆ ಐಟಿಐ ಪಠ್ಯದಲ್ಲಿ ‘ಅಶ್ವಶಕ್ತಿ’ಯನ್ನೂ ಪಂಪ್‌ಸೆಟ್ಟಿನ ಅಂಗಡಿಯಲ್ಲಿ ‘ಎಚ್‌ಪಿ’ಯನ್ನೂ ಬಳಸುವ ಜನರಿಗೆ ಮೂರನೆಯದೊಂದನ್ನು ಹೊರಿಸುವ ಮೊದಲು, ನಿಮ್ಮ ಅಚ್ಚಗನ್ನಡದ ವಾಕ್ಯದಲ್ಲಿ ‘ಎಂಜಿನ್ನು’ ಹೇಗೆ ಉಳಿಯಿತೆಂದು ತಿಳಿಸಿ. ಪ್ರಶ್ನೆ ಕೇಳಿದವರು ಇದಕ್ಕಾಗಿ ಕಾಯಬೇಕಿಲ್ಲ. ಉತ್ತರ 2ರಲ್ಲಿನ ವಾಕ್ಯವನ್ನು ಅಚ್ಚಿಗೆ ಕಳುಹಿಸಬಹುದು.