ಸಹಾಯ ಬೇಕು: ಕೆನಡಾದ ವಿನಿಪೆಗ್‌ನಲ್ಲಿ ಯಾರ ಬಳಿಯಾದರೂ ಸ್ಪೇಸ್ ಹೀಟರ್ (ಕೋಣೆ ಬಿಸಿ ಮಾಡೋ ಹೀಟರ್) ಇದೆಯಾ?

ಎಲ್ಲರಿಗೂ ನಮಸ್ಕಾರ. ನಾವಿರೋದು ಸೇಂಟ್ ವೈಟಲ್ ಕಡೆ. ಈ ವಾರವಿಡೀ ಮೈನಸ್ 30, ಗಾಳಿ ಸೇರಿದರೆ ಮೈನಸ್ 40 (ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೇಳಬೇಡಿ, ಅಲ್ಲಿಗೆ ಎರಡೂ ಒಂದೇ!). ಬೆಳಿಗ್ಗೆಯಿಂದ ಅಡುಗೆಮನೆ ನಲ್ಲಿಯಲ್ಲಿ ಹನಿ ನೀರಿಲ್ಲ, ಬಚ್ಚಲಲ್ಲಿ ಬರ್ತಿದೆ. ಸಿಂಕಿನ ಪೈಪು ಹೊರಗೋಡೆಗೆ ಅಂಟಿಕೊಂಡೇ ಹೋಗುತ್ತೆ, ಅಲ್ಲೇ ಹೆಪ್ಪುಗಟ್ಟಿರಬೇಕು. ಸಿಂಕ್ ಕೆಳಗಿನ ಬಾಗಿಲು ತೆಗೆದು, ನಲ್ಲಿ ತಿರುಗಿಸಿಟ್ಟು, ಹೇರ್ ಡ್ರೈಯರ್ ಹಿಡಿದಿದ್ದೇನೆ. ಪೈಪಿಗೆ ಬೆಂಕಿ ತೋರಿಸೋ ಸಲಹೆ ದಯವಿಟ್ಟು ಬೇಡ, ಮರದ ಮನೆ. ಪೈಪು ಒಡೆದಿದ್ದರೆ ಐಸ್ ಕರಗಿದಾಗಲೇ ಸೋರೋದು, ಅದಕ್ಕೇ ಮನೆಯ ನೀರು ನಿಲ್ಲಿಸೋ ಮೇನ್ ವಾಲ್ವ್ ಎಲ್ಲಿದೆ ಅಂತ ನೋಡಿಟ್ಟಿದ್ದೇನೆ.

ಪ್ಲಂಬರ್‌ಗಳೆಲ್ಲ "ನಾಡಿದ್ದು" ಅಂತಾರೆ. ಅಲ್ಲಿವರೆಗೆ ಒಂದು ಸಣ್ಣ ಸ್ಪೇಸ್ ಹೀಟರ್ ಸಿಕ್ಕರೆ ಸಾಕು. ನಾನೇ ಬಂದು ತಗೊಂಡು ಹೋಗೋಣ ಅಂದ್ರೆ ಕಾರೂ ಸ್ಟಾರ್ಟ್ ಆಗ್ತಿಲ್ಲ. ಎಂಜಿನ್ ಬೆಚ್ಚಗಿಡೋ ಬ್ಲಾಕ್ ಹೀಟರ್ ರಾತ್ರಿಯಿಡೀ ಪ್ಲಗ್‌ನಲ್ಲೇ ಇತ್ತು, ಬ್ಯಾಟರಿ ಹೋಗಿರಬೇಕು. ಬರುವವರು ಜಂಪರ್ ಕೇಬಲ್ (ಬೇರೆ ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡೋ ವೈರು) ತಂದರೆ ದೊಡ್ಡ ಉಪಕಾರ.

ಇನ್ನೊಂದು: ದಾವಣಗೆರೆಯಿಂದ ಅತ್ತೆ ಮಾವ ಬಂದಿದ್ದಾರೆ. ಅತ್ತೆಗೆ ಆರನೇ ಸೈಜಿನ ಹಳೇ ಸ್ನೋ ಬೂಟು ಯಾರಲ್ಲಾದರೂ ಇದ್ದರೆ ಹೇಳಿ. ಮಾವ ಲುಂಗಿ ಮೇಲೆ ಜಾಕೆಟ್ ಹಾಕ್ಕೊಂಡು ಒಳಗೇ ಕೂತಿದ್ದಾರೆ, ಅವರಿಗೆ ಸದ್ಯಕ್ಕೆ ಏನೂ ಬೇಡವಂತೆ.

ಇನ್‌ಬಾಕ್ಸ್‌ಗೆ ಮೆಸೇಜ್ ಮಾಡಿ, ವಿಳಾಸ ಕಳಿಸ್ತೀನಿ.