ತಿಂಡಿಗೆ ಓಟ್ಸ್ ಕುಕೀಸ್: ಒಂದು ಸಲ ಪುಡಿ, ಇನ್ನೊಂದು ಸಲ ರಬ್ಬರ್. ಎಲ್ಲಿ ತಪ್ಪುತ್ತಿದೆ?

ಅರೆನಿದ್ದೆ

ಮೂರು ಭಾನುವಾರದಿಂದ ನನಗೆ ಇದೇ ಕೆಲಸ ಆಗಿದೆ. ಬೆಳಿಗ್ಗೆ ನಮ್ಮನೆಯಲ್ಲಿ ಕೂತು ತಿನ್ನುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ, ದೊಡ್ಡವಳು ಒಂದು ಕೈಯಲ್ಲಿ ಶೂ ಹಿಡಿದುಕೊಂಡೇ ಬಾಗಿಲ ಹತ್ತಿರ ನಿಂತಿರುತ್ತಾಳೆ, ಹಾಗಾಗಿ ನಡೆಯುತ್ತಾ ತಿನ್ನುವಂಥದ್ದು, ಆದರೆ ಬರೀ ಮೈದಾ ಸಕ್ಕರೆ ಅಲ್ಲದ್ದು ಏನಾದರೂ ಬೇಕಿತ್ತು. ಓಟ್ಸ್ ಕುಕೀಸ್ ಸುಲಭ ಅಂದುಕೊಂಡೆ. ಸುಲಭ ಏನೂ ಅಲ್ಲ.

ಮೊದಲನೇ ಸಲ ಎರಡು ಕಪ್ ಓಟ್ಸ್, ಒಂದು ಬಾಳೆಹಣ್ಣು, ಮೂರು ದೊಡ್ಡ ಚಮಚ ಜೇನುತುಪ್ಪ, ಒಂದು ಹಿಡಿ ಒಣದ್ರಾಕ್ಷಿ. ಕಲಸಿದೆ, ಉಂಡೆ ಮಾಡಿದೆ, ಕೂಡಲೇ 180 ಡಿಗ್ರಿಯಲ್ಲಿ 15 ನಿಮಿಷ ಇಟ್ಟೆ. ಹನ್ನೆರಡು ಬಂತು. ತಟ್ಟೆಗೆ ಎತ್ತಿಡುವಾಗಲೇ ಹನ್ನೆರಡೂ ಉದುರಿಹೋದವು. ಬಟ್ಟಲಿಗೆ ಹಾಕಿ ಹಾಲು ಸುರಿದು ಚಮಚದಲ್ಲಿ ತಿಂದೆವು. ಎರಡನೇ ಸಲ ಹಟಕ್ಕೆ ಬಿದ್ದು ಅದಕ್ಕೇ ಮೊಟ್ಟೆ, ಅರ್ಧ ಕಪ್ ಹಾಲು ಎಲ್ಲಾ ಸೇರಿಸಿದೆ. ಹೊರಗೆ ಚೆನ್ನಾಗಿ ಕೆಂಪಗಾಯಿತು, ಒಳಗೆ ಜಿಗುಟು. ಮಾರನೇ ದಿನ ನೋಡಿದರೆ ರಬ್ಬರ್. "ಅಮ್ಮಾ, ಇದರಲ್ಲಿ ಪೆನ್ಸಿಲ್ ಬರಹ ಅಳಿಸಬಹುದಾ" ಅಂತ ದೊಡ್ಡವಳು ಕೇಳಿದಳು. ಮೂರನೇ ಸಲ ಬೇಗ ಬೇಯುವ ಸಣ್ಣ ಓಟ್ಸ್ ತಂದೆ. ಅದರ ಬಗ್ಗೆ ಮಾತು ಬೇಡ, ಅಂಟಂಟು ಮುದ್ದೆ.

ಸಕ್ಕರೆ ಹಾಕದೆ, ಕೈಯಲ್ಲಿ ಗಟ್ಟಿಯಾಗಿ ನಿಲ್ಲುವ ಹಾಗೆ, ಮೂರ್ನಾಲ್ಕು ದಿನ ಇರುವ ಹಾಗೆ ಮಾಡಲು ಆಗುತ್ತದಾ? ಚಿಕ್ಕವನಿಗೆ ಈಗ ಹತ್ತು ತಿಂಗಳು, ಅವನೂ ಕೈ ಚಾಚುತ್ತಾನೆ. ಅವನಿಗೆ ಒಂದು ಚೂರು ಕೊಡಬಹುದಾ ಅಂತಲೂ ಹೇಳಿ.

ಹಿಟ್ಟುಕೈ

ಮೊದಲು ಚಿಕ್ಕವನ ವಿಷಯ. ಜೇನುತುಪ್ಪ ಹಾಕಿದ್ದು ಬೇಡವೇ ಬೇಡ. ಒಂದು ವರ್ಷ ತುಂಬುವವರೆಗೆ ಜೇನು ಕೊಡಬಾರದು. ಬಾಟುಲಿಸಂ ಅನ್ನುವ ಗಂಭೀರ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಅದರಲ್ಲಿ ಇರಬಹುದು, ಕುಕೀಸ್ ಒಳಗಿನ ಬಿಸಿಗೆ ಅವು ಸಾಯುವುದಿಲ್ಲ. ಇಡೀ ಒಣದ್ರಾಕ್ಷಿ, ಬೀಜದ ಚೂರು ಇವೂ ಆ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಅವನ ಪಾಲಿಗೆ ಪುಡಿ ಮಾಡಿದ ಓಟ್ಸ್, ಬಾಳೆಹಣ್ಣು ಅಷ್ಟೇ ಕಲಸಿ ಮೆತ್ತಗೆ ಬೇರೆ ಮಾಡಿಬಿಡಿ.

ಈಗ ನಿಮ್ಮ ಕುಕೀಸ್. ಮೂರು ಸಲವೂ ಕೆಟ್ಟಿದ್ದು ಒಂದೇ ಕಾರಣಕ್ಕೆ, ನೀರಿನ ಲೆಕ್ಕ. ಮಾಮೂಲಿ ಕುಕೀಸ್‌ನಲ್ಲಿ ಸಕ್ಕರೆ, ಬೆಣ್ಣೆ ಕರಗಿ ಎಲ್ಲವನ್ನೂ ಹಿಡಿದುಕೊಳ್ಳುತ್ತವೆ, ಆರಿದ ಮೇಲೆ ಗಟ್ಟಿಯಾಗುತ್ತವೆ. ನಿಮ್ಮದರಲ್ಲಿ ಬೆಣ್ಣೆ ಇಲ್ಲ, ಇರುವ ಸಿಹಿ ಆ ಕೆಲಸಕ್ಕೆ ಸಾಲದು. ಹಿಡಿದುಕೊಳ್ಳಬೇಕಾದ್ದು ಓಟ್ಸ್‌ನ ಸ್ವಂತ ಅಂಟು. ಓಟ್ಸ್ ನೀರು ಕುಡಿದರೆ ಮಾತ್ರ ಆ ಅಂಟು ಹೊರಗೆ ಬರುತ್ತದೆ, ಮತ್ತೆ ಅದು ನಿಧಾನಕ್ಕೆ ಕುಡಿಯುತ್ತದೆ. ನೀವು ಕಲಸಿದ ತಕ್ಷಣ ಒಳಗಿಟ್ಟಿರಿ. ಚಕ್ಕೆಗಳು ಒಣಗಿದ್ದವು, ಒಣಗಿಯೇ ಬೆಂದವು, ಉದುರಿದವು. ಎರಡನೇ ಸಲ ಹಾಲು ಜಾಸ್ತಿಯಾಯಿತು. ಮೇಲಿಂದ ಜೇನಿಗೆ ಬೇಗ ಕೆಂಪಾಗುವ ಗುಣ. ಹೊರಗೆ ಬಣ್ಣ ನೋಡಿ ಆಯಿತು ಅಂದುಕೊಂಡು ತೆಗೆದಿದ್ದೀರಿ, ಒಳಗೆ ಬೆಂದೇ ಇರಲಿಲ್ಲ. ಸಣ್ಣ ಓಟ್ಸ್ ಅಂತೂ ತೆಳ್ಳಗೆ ಒತ್ತಿದ್ದು, ನೀರು ಬಿದ್ದ ಕೂಡಲೇ ಗಂಜಿ.

ನಾನು ಮಾಡುವ ಅಳತೆ ಹೇಳ್ತೀನಿ, ಇದರಲ್ಲೂ ಹನ್ನೆರಡು ಬರುತ್ತದೆ. ರೋಲ್ಡ್ ಓಟ್ಸ್, ಅಂದರೆ ಒತ್ತಿ ಚಕ್ಕೆ ಮಾಡಿದ್ದು, 200 ಗ್ರಾಂ. ಅದರಲ್ಲಿ 50 ಗ್ರಾಂ ತೆಗೆದು ಮಿಕ್ಸಿಯಲ್ಲಿ ಹಿಟ್ಟು ಮಾಡಿಕೊಳ್ಳಿ, ಇದನ್ನು ಮಾತ್ರ ಬಿಡಬೇಡಿ, ಚಕ್ಕೆಗಳ ನಡುವೆ ಸಂದು ತುಂಬುವುದು ಅದೇ. ಎರಡು ಬಾಳೆಹಣ್ಣು, ಸಿಪ್ಪೆ ತೆಗೆದು 220 ಗ್ರಾಂ ಹತ್ತಿರ ಇರಲಿ, ಸಿಪ್ಪೆ ತುಂಬಾ ಕಪ್ಪು ಚುಕ್ಕೆ ಬಂದಿರಬೇಕು. ಆಗಲೇ ಅದರ ಪಿಷ್ಟ ಸಕ್ಕರೆಯಾಗಿರುತ್ತದೆ, ಬೇರೆ ಸಿಹಿ ಕೇಳುವುದಿಲ್ಲ. ಸಿಹಿ ಹಾಕದ ಪೀನಟ್ ಬಟರ್ 60 ಗ್ರಾಂ, ಮೊಟ್ಟೆ ಒಂದು, ಒಣದ್ರಾಕ್ಷಿ 60 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ದಾಲ್ಚಿನ್ನಿ ಪುಡಿ ಸ್ವಲ್ಪ, ಉಪ್ಪು ಒಂದು ದೊಡ್ಡ ಚಿಟಿಕೆ. ಸಿಹಿ ತಿಂಡಿಗೆ ಉಪ್ಪೇಕೆ ಅಂತ ಬಿಟ್ಟರೆ ಸಪ್ಪೆ ರಟ್ಟು ತಿಂದ ಹಾಗಿರುತ್ತದೆ.

ಹಣ್ಣು, ಮೊಟ್ಟೆ, ಪೀನಟ್ ಬಟರ್ ಮೊದಲು ಚೆನ್ನಾಗಿ ಕಿವುಚಿ. ಆಮೇಲೆ ಒಣಗಿದ್ದೆಲ್ಲ ಹಾಕಿ ಕಲಸಿ, ಮುಚ್ಚಿ, 20 ನಿಮಿಷ ಮುಟ್ಟಬೇಡಿ. ಕಲಸಿದಾಗ ನೀರು ನೀರು ಅನ್ನಿಸುತ್ತದೆ. ಅದನ್ನು ನೋಡಿ ಇನ್ನಷ್ಟು ಓಟ್ಸ್ ಸುರಿಯುವ ಆಸೆ ಆಗುತ್ತದೆ, ತಡೆದುಕೊಳ್ಳಿ. 20 ನಿಮಿಷ ಆದ ಮೇಲೆ ಬೆರಳಲ್ಲಿ ಒತ್ತಿ ನೋಡಿ. ಗುಳಿ ಹಾಗೇ ನಿಲ್ಲಬೇಕು, ಬೆರಳಿಗೆ ಅಂಟಿದರೂ ಒದ್ದೆ ಹತ್ತಬಾರದು. ಗುಳಿಯ ಅಂಚು ಬಿರುಕು ಬಿಟ್ಟರೆ ಒಂದು ಚಮಚ ಹಾಲು. ಗುಳಿ ನಿಧಾನಕ್ಕೆ ಮುಚ್ಚಿಕೊಂಡರೆ ಇನ್ನೂ ಹತ್ತು ನಿಮಿಷ.

ಇನ್ನೊಂದು, ಇವು ಓವನ್‌ನಲ್ಲಿ ಹರಡುವುದಿಲ್ಲ. ಉಂಡೆ ಇಟ್ಟರೆ ಉಂಡೆಯೇ ಈಚೆ ಬರುತ್ತದೆ. ಒದ್ದೆ ಕೈಯಲ್ಲಿ ತಟ್ಟಿ, ಒಂದು ಸೆಂಟಿಮೀಟರ್ ದಪ್ಪ, ಅಂಚು ಒತ್ತಿ ದುಂಡಗೆ ಮಾಡಿ. ಬಟರ್ ಪೇಪರ್ ಮೇಲೆ 170 ಡಿಗ್ರಿ, 15 ನಿಮಿಷ. ಫ್ಯಾನ್ ಇರುವ ಓವನ್ ಆದರೆ 160 ಸಾಕು. ತೆಗೆದ ಮೇಲೆ ಹತ್ತು ನಿಮಿಷ ಟ್ರೇ ಮೇಲೇ ಇರಲಿ. ಬಿಸಿಯಲ್ಲಿ ಎತ್ತಿದರೆ ಎಷ್ಟು ಚೆನ್ನಾಗಿ ಮಾಡಿದ್ದರೂ ಮುರಿಯುತ್ತದೆ.

ಸಿಹಿಬೇಡದವ

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದನ್ನು ತಿಂಡಿ ಅನ್ನುವುದು ಸುಮ್ನೆ ಮನಸ್ಸಿಗೆ ಸಮಾಧಾನ ಅಲ್ವಾ? ಜೇನು ಹಾಕಿದರೆ ಸಕ್ಕರೆ ಹಾಕಿಲ್ಲ ಅಂತ ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಜೇನೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ. ಮೂರು ದೊಡ್ಡ ಚಮಚ ಜೇನು ಅಂದರೆ ಹತ್ತಿರ ಹತ್ತಿರ 50 ಗ್ರಾಂ ಸಕ್ಕರೆ. ಅದೇ ಓಟ್ಸ್ ರಾತ್ರಿ ಹಾಲಲ್ಲಿ ನೆನೆಸಿಟ್ಟರೆ ಬೆಳಿಗ್ಗೆ ಓವನ್ ಇಲ್ಲದೆ, ಪಾತ್ರೆ ತೊಳೆಯುವುದಿಲ್ಲದೆ ಕೆಲಸ ಮುಗಿಯುತ್ತದೆ. ಕುಕೀಸ್ ಅಂತ ಹೆಸರಿಟ್ಟು ಬೆಳಿಗ್ಗೆ ತಿನ್ನಿಸಿದರೆ ಮಕ್ಕಳು ನಾಳೆ ಅಂಗಡಿ ಕುಕೀಸನ್ನೂ ಬೆಳಿಗ್ಗೆಯೇ ಕೇಳುತ್ತಾರೆ.

ಲೆಕ್ಕದಪುಸ್ತಕ

ಜೇನಿನ ವಿಷಯ ಸರಿ. ಆ 2015ರ ಸಲಹೆ ಹೀಗಿದೆ: ಇಂಥ ಸಕ್ಕರೆ ದಿನದ ಒಟ್ಟು ಶಕ್ತಿಯಲ್ಲಿ ಶೇಕಡಾ 10 ಮೀರಬಾರದು, 5ರ ಒಳಗಿದ್ದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ 5 ಅಂದರೆ 25 ಗ್ರಾಂ. ಜೇನು ಹಾಕಿದ ಮೂರು ಕುಕೀಸಲ್ಲೇ 12 ಗ್ರಾಂ ಮುಗಿಯಿತು, ಮಗು ಆದರೆ ಅದರ ಪಾಲು ಇನ್ನೂ ಕಡಿಮೆ. ಇಡೀ ಹಣ್ಣಿನ ಸಕ್ಕರೆ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಹಿಟ್ಟುಕೈ ಅವರದು ಪಾಸ್.

ಅವರ ಅಳತೆಯನ್ನೇ ಕೂತು ಕೂಡಿಸಿದೆ, ನನಗೆ ಅದೇ ಚಟ. ಇಡೀ ಟ್ರೇ ಸುಮಾರು 1560 ಕ್ಯಾಲೊರಿ, ಪ್ರೋಟೀನ್ 51 ಗ್ರಾಂ, ನಾರಿನಂಶ 32 ಗ್ರಾಂ. ಅಂದರೆ ಮೂರು ಕುಕೀಸ್ ತಿಂದರೆ 390 ಕ್ಯಾಲೊರಿ, 13 ಗ್ರಾಂ ಪ್ರೋಟೀನ್, 8 ಗ್ರಾಂ ನಾರು. ಇದು ತಿಂಡಿ ಅಲ್ಲ ಅಂದರೆ ಇನ್ನೇನು? ಪೀನಟ್ ಬಟರ್ ತೆಗೆದುಬಿಟ್ಟರೆ ಮಾತ್ರ ಪ್ರೋಟೀನ್ ಮೂರರಲ್ಲಿ ಹತ್ತಿರ ನಾಲ್ಕು ಗ್ರಾಂ ಇಳಿಯುತ್ತದೆ, ಹತ್ತು ಗಂಟೆಗೇ ಮತ್ತೆ ಹಸಿವು.

ಓಟ್ಸ್‌ನ ಅಂಟು ಅಂದರಲ್ಲ, ಅದರಲ್ಲಿ ದೊಡ್ಡ ಪಾಲು ಬೀಟಾ ಗ್ಲೂಕನ್ ಅನ್ನುವ ಕರಗುವ ನಾರಿನದು. ಕೊಲೆಸ್ಟರಾಲ್ ಇಳಿಸಲು ನೆರವಾಗುತ್ತದೆ ಅಂತ ಓಟ್ಸ್ ಡಬ್ಬಿ ಮೇಲೆ ಬರೆಯಲು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1997ರಲ್ಲಿ ಒಪ್ಪಿದ್ದು ಇದಕ್ಕೇ, ದಿನಕ್ಕೆ 3 ಗ್ರಾಂ ಬೇಕು ಅನ್ನುವ ಲೆಕ್ಕದ ಮೇಲೆ. ಮೂರು ಕುಕೀಸಲ್ಲಿ ಅದು 2 ಗ್ರಾಂ ಹತ್ತಿರ ಸಿಗುತ್ತದೆ. ಕುಕೀಸನ್ನು ಹಿಡಿದಿಡುವುದೂ ಅದೇ, ಹೊಟ್ಟೆ ತುಂಬಿಸುವುದೂ ಅದೇ.

ಸಿಹಿಬೇಡದವ

ಸರಿ, ಜೇನಿಲ್ಲದ್ದಕ್ಕೆ ನನ್ನ ತಕರಾರಿಲ್ಲ. ಹೆಸರು ಮಾತ್ರ ಇನ್ನೂ ಇಷ್ಟವಾಗಿಲ್ಲ.

ಅರೆನಿದ್ದೆ

ಹಿಟ್ಟುಕೈ ಅವರೇ, ತುಂಬಾ ಉಪಕಾರ. ಎರಡನೇ ಸಲದ್ದನ್ನು ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದ್ದೆ ಅಂತಲೂ ಈಗ ನೆನಪಾಯಿತು, ರಬ್ಬರ್ ಆಗಲು ಅದೂ ಕಾರಣವಾ? ನೆನೆಸಿದ ಓಟ್ಸ್ ನಮ್ಮನೆಯಲ್ಲಿ ನಡೆಯುವುದಿಲ್ಲ, ಶೂ ಹಿಡಿದ ಕೈಯಲ್ಲಿ ಬಟ್ಟಲು ಹಿಡಿಯಲು ಆಗಲ್ಲ.

ಇನ್ನೂ ಎರಡು ಸಂಶಯ. ನಾದಿನಿ ಮೊಟ್ಟೆ ತಿನ್ನುವುದಿಲ್ಲ, ಅವಳು ಬಂದಾಗ ಏನು ಮಾಡಲಿ? ಆಮೇಲೆ ಅವಸರದಲ್ಲಿ ಸ್ಟೀಲ್ ಕಟ್ ಅಂತ ಬರೆದಿರುವ ಓಟ್ಸ್ ಒಂದು ಕಿಲೋ ತಂದುಬಿಟ್ಟಿದ್ದೇನೆ. ನೋಡಿದರೆ ನುಚ್ಚಿನ ಹಾಗಿದೆ. ಆಗುತ್ತದಾ?

ಹಸಿರುಕುಕೀ

ನನ್ನ ಹೆಸರಿನ ಕಥೆಯೂ ಹೇಳಿದಂತಾಯಿತು. ನಮ್ಮನೆಯಲ್ಲೂ ಮೊಟ್ಟೆ ಇಲ್ಲ. ಒಂದು ಮೊಟ್ಟೆ ಬದಲು ಅಗಸೆ ಬೀಜದ ಪುಡಿ ಒಂದು ದೊಡ್ಡ ಚಮಚ, ನೀರು ಮೂರು ದೊಡ್ಡ ಚಮಚ, ಕಲಸಿ ಹತ್ತು ನಿಮಿಷ ಬಿಡಿ. ಚಮಚ ಎತ್ತಿದರೆ ಲೋಳೆಯಾಗಿ ಎಳೆ ಬರಬೇಕು. ಇಡೀ ಬೀಜ ಹಾಕಿದರೆ ಏನೂ ಆಗುವುದಿಲ್ಲ, ಪುಡಿಯೇ ಬೇಕು. ಮೊಟ್ಟೆಯಷ್ಟು ಗಟ್ಟಿ ಹಿಡಿಯುವುದಿಲ್ಲ, ಅದಕ್ಕೆ ಇನ್ನೂ ಸ್ವಲ್ಪ ಚಿಕ್ಕದಾಗಿ ತಟ್ಟಿ, ಒಂದೆರಡು ನಿಮಿಷ ಜಾಸ್ತಿ ಬೇಯಿಸಿ.

ಮೊದಲ ಸಲ ಮಾಡಿದಾಗ ಬೇಕಿಂಗ್ ಪೌಡರ್ ಇರಲಿಲ್ಲ ಅಂತ ಅಡುಗೆ ಸೋಡಾ ಹಾಕಿದೆ, ಅದೂ ಕೈ ಜಾರಿ ಒಂದು ಟೀ ಚಮಚ. ಸೂರ್ಯಕಾಂತಿ ಬೀಜವನ್ನೂ ಧಾರಾಳವಾಗಿ ಹಾಕಿದ್ದೆ. ಬೆಂದಾಗ ಚೆನ್ನಾಗಿಯೇ ಇತ್ತು. ಸಂಜೆ ಮುರಿದು ನೋಡಿದರೆ ಪ್ರತಿ ಬೀಜದ ಸುತ್ತ ಪಾಚಿ ಹಸಿರು! ಬೂಷ್ಟು ಅಂದುಕೊಂಡು ಇಡೀ ಡಬ್ಬಿ ಬಿಸಾಡಿದೆ. ಆಮೇಲೆ ಗೊತ್ತಾಯಿತು, ಸೂರ್ಯಕಾಂತಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಇರುತ್ತದೆ, ಸೋಡಾದ ಕ್ಷಾರಕ್ಕೆ ಸೇರಿ ಹಸಿರಾಗುತ್ತದೆ ಅಷ್ಟೇ, ತಿಂದರೆ ಏನೂ ಆಗುತ್ತಿರಲಿಲ್ಲ. ಆದರೆ ಅಷ್ಟು ಸೋಡಾಕ್ಕೆ ಸೋಪಿನ ರುಚಿ ಬಂದಿತ್ತು, ಬಿಸಾಡಿದ್ದಕ್ಕೆ ದುಃಖ ಇಲ್ಲ.

ಹಿಟ್ಟುಕೈ

ಹೌದು, ರಬ್ಬರ್‌ಗೆ ಅದೂ ಕಾರಣ. ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ವಾಪಸ್ ಕುಕೀಸ್ ಮೇಲೇ ಬೀಳುತ್ತದೆ. ಒಂದು ಗಂಟೆ ಜಾಲರಿ ಮೇಲೆ ಆರಿಸಿ, ಕೆಳಗಿನಿಂದಲೂ ಗಾಳಿ ಆಡಬೇಕು. ಬಾಳೆಹಣ್ಣು ಇರುವುದರಿಂದ ಹೊರಗೆ ಎರಡು ದಿನ ಸಾಕು, ಆಮೇಲೆ ಫ್ರಿಜ್‌ನಲ್ಲಿ ನಾಲ್ಕೈದು ದಿನ. ನಾನಂತೂ ಎರಡು ಟ್ರೇ ಒಟ್ಟಿಗೆ ಮಾಡಿ ಅರ್ಧ ಫ್ರೀಜರ್‌ಗೆ ಹಾಕುತ್ತೇನೆ. ಹಿಂದಿನ ರಾತ್ರಿ ಬೇಕಾದಷ್ಟು ತೆಗೆದಿಟ್ಟರೆ ಬೆಳಿಗ್ಗೆ ಸರಿಯಾಗಿರುತ್ತದೆ. ಗರಿಗರಿ ಮಾತ್ರ ನಿರೀಕ್ಷಿಸಬೇಡಿ. ಇಷ್ಟು ಹಣ್ಣು ಹಾಕಿದ ಮೇಲೆ ಅದು ಮೆತ್ತಗೇ ಇರುವುದು, ಗಂಜಿಯನ್ನೇ ಕೈಯಲ್ಲಿ ಹಿಡಿಯುವ ಹಾಗೆ ಮಾಡಿದ್ದು ಅಂದುಕೊಳ್ಳಿ.

ಸ್ಟೀಲ್ ಕಟ್ ಇದಕ್ಕೆ ಬೇಡ. ಅದು ಕತ್ತರಿಸಿದ ಕಾಳು, ಒತ್ತಿದ್ದಲ್ಲ. 15 ನಿಮಿಷದಲ್ಲಿ ಬೇಯುವುದಿಲ್ಲ, ಹಲ್ಲಿಗೆ ಕಲ್ಲು ಸಿಕ್ಕ ಹಾಗೆ ಸಿಗುತ್ತದೆ. ಗಂಜಿಗೆ ಇಟ್ಟುಕೊಳ್ಳಿ. ಇಲ್ಲವೇ ಮಿಕ್ಸಿಯಲ್ಲಿ ನುಣ್ಣಗೆ ಮಾಡಿಕೊಂಡರೆ ಆ 50 ಗ್ರಾಂ ಹಿಟ್ಟಿಗೆ ಬಳಸಬಹುದು.

ಅರೆನಿದ್ದೆ

ಇವತ್ತು ಮಾಡಿದೆ. 20 ನಿಮಿಷ ಕಾಯುವಾಗ ಮೂರು ಸಲ ಮುಚ್ಚಳ ತೆಗೆದು ನೋಡಿದೆ, ಓಟ್ಸ್ ಡಬ್ಬಿ ಕೈಗೂ ಬಂದಿತ್ತು, ವಾಪಸ್ ಇಟ್ಟೆ. ಗುಳಿ ನಿಂತಿತು. ಬೆಂದು ಆರಿದ ಮೇಲೆ ಒಂದನ್ನು ಎತ್ತಿ ಬೇಕಂತಲೇ ಅಲ್ಲಾಡಿಸಿದೆ, ಎರಡು ಒಣದ್ರಾಕ್ಷಿ ಬಿದ್ದವು, ಅಷ್ಟೇ. ಒಂದನ್ನು ದೊಡ್ಡವಳ ಶೂ ಹಿಡಿದ ಕೈಗೇ ಕೊಟ್ಟು ಪರೀಕ್ಷೆ ಮಾಡಿದೆ, ಮುರಿಯಲಿಲ್ಲ. ಅಳಿಸುವ ರಬ್ಬರ್ ಮಾತು ಬರಲಿಲ್ಲ, ಇನ್ನೊಂದು ಕೇಳಿದಳು. ಚಿಕ್ಕವನು ತನ್ನದನ್ನು ಅರ್ಧ ತಿಂದು ಅರ್ಧ ಕಿವಿಗೆ ಮೆತ್ತಿಕೊಂಡ.

ಒಂದೇ ಒಂದು, ಟ್ರೇಯ ಹಿಂದಿನ ಸಾಲಿನ ನಾಲ್ಕು ಜಾಸ್ತಿ ಕೆಂಪಾದವು, ಮುಂದಿನವು ಬೆಳ್ಳಗೇ ಇದ್ದವು.

ಹಿಟ್ಟುಕೈ

ಓವನ್ ಹಿಂಬದಿ ಜಾಸ್ತಿ ಬಿಸಿಯಾಗುತ್ತದೆ. ಎಂಟನೇ ನಿಮಿಷಕ್ಕೆ ಟ್ರೇ ತಿರುಗಿಸಿಡಿ. ಕೆಂಪಾದ ನಾಲ್ಕನ್ನು ಮೊದಲು ನೀವೇ ತಿಂದು ಮುಗಿಸಿ.