ಟಿಬೆಟನ್ ಹುಡುಗನನ್ನು ‘ಚೈನಾ’ ಅಂತ ಕರೆಯೋ ಕ್ಲಾಸಿಗೆ ಏನು ಪಾಠ ಮಾಡಲಿ?

ಸಮಾಜ_ಮೇಡಂ:
ಟಿಬೆಟನ್ ನಿರಾಶ್ರಿತರ ಕ್ಯಾಂಪ್ ಇರುವ ಬೈಲಕುಪ್ಪೆ ಹತ್ತಿರದ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಟಿಬೆಟನ್ ಹುಡುಗ ಇದ್ದಾನೆ. ಹಿಂದಿನ ಬೆಂಚಿನವರು ಅವನನ್ನು ‘ಲೋ ಚೈನಾ’ ಅಂತಲೇ ಕೂಗುತ್ತಾರೆ. ಚೀನಾದ ಸೈನ್ಯಕ್ಕೆ ಹೆದರಿ ಊರು ಬಿಟ್ಟವರ ವಂಶದ ಹುಡುಗನಿಗೆ ಆ ಹೆಸರು! ಅವನು ತಲೆ ತಗ್ಗಿಸಿ ನೋಟ್ಸ್ ಬರೀತಾ ಇರುತ್ತಾನೆ. ನನಗೆ ಹೊಟ್ಟೆ ಉರಿಯುತ್ತೆ. ಬೈದರೆ ನನ್ನೆದುರು ಮಾತ್ರ ನಿಲ್ಲಿಸುತ್ತಾರೆ. ಇತಿಹಾಸದ ಪಾಠದಲ್ಲೇ ಇದನ್ನು ತರಬೇಕು. ಆದರೆ ಅವನನ್ನು ಎಬ್ಬಿಸಿ ‘ನಿಮ್ಮ ಕಥೆ ಹೇಳಪ್ಪಾ’ ಅನ್ನೋದು ನನಗೆ ಇಷ್ಟವಿಲ್ಲ. ಯಾರಾದರೂ ಇಂಥದ್ದು ಮಾಡಿದ್ದೀರಾ?

ನಿವೃತ್ತ_ಮೇಷ್ಟ್ರು:
ಮೇಡಂ, ಟಿಬೆಟ್ ಬೇಡ. ಕೋಮಗಾಟ ಮಾರು ಹಡಗಿನಿಂದ ಶುರು ಮಾಡಿ. ನಾನು ಹೀಗೆ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಒಂದೇ ನಿಯಮ: ‘ಸ್ವಂತ ದೇಶದಿಂದ ದಾರಿಯಲ್ಲಿ ಎಲ್ಲೂ ತಂಗದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ.’ ಇದು ಸರೀನಾ ಅಂತ ಕೇಳಿದರೆ ಮುಕ್ಕಾಲು ಕ್ಲಾಸು ‘ಸರಿ ಸಾರ್’ ಅನ್ನುತ್ತಿತ್ತು.

ಆಮೇಲೆ ವಿಷಯ ಬಿಚ್ಚಬೇಕು. ಇದು ಕೆನಡಾ 1908ರಲ್ಲಿ ತಂದ ನಿಯಮ. ಭಾರತದಿಂದ ಅಲ್ಲಿಗೆ ನೇರ ಹಡಗೇ ಸಿಗುತ್ತಿರಲಿಲ್ಲ. ಯಾರ ಹೆಸರನ್ನೂ ಎತ್ತದೆ ನಮ್ಮವರಿಗೆ ಬಾಗಿಲು ಹಾಕಿದ್ದರು. 1914ರಲ್ಲಿ ಕೋಮಗಾಟ ಮಾರುವಿನಲ್ಲಿ ಹೋದ 376 ಜನ, ಹೆಚ್ಚಿನವರು ಪಂಜಾಬಿನ ಸಿಖ್ಖರು, ವ್ಯಾಂಕೂವರ್ ಬಂದರಲ್ಲಿ ಎರಡು ತಿಂಗಳು ಹಡಗಲ್ಲೇ ಕೂತರು. ಅವರೂ ಬ್ರಿಟಿಷ್ ಪ್ರಜೆಗಳೇ, ಕೆನಡಾನೂ ಅದೇ ಸಾಮ್ರಾಜ್ಯದ್ದು! ಇಳಿಯೋಕೆ ಬಿಟ್ಟಿದ್ದು ಇಪ್ಪತ್ತು ಚಿಲ್ಲರೆ ಜನರನ್ನು. ಉಳಿದವರು ವಾಪಸ್ ಬಂದಾಗ ಕಲ್ಕತ್ತಾ ಹತ್ತಿರದ ಬಜ್ ಬಜ್‌ನಲ್ಲಿ ಗುಂಡು ಹಾರಿತು. ಇಷ್ಟು ಕೇಳಿದ ಮೇಲೆ ‘ಸರಿ’ ಅಂದವರೇ ಮೊದಲು ಜಗಳಕ್ಕೆ ನಿಲ್ಲುತ್ತಾರೆ.

ಕ್ಯಾಂಪ್_ಪಕ್ಕದ_ಮನೆ:
ಮೇಷ್ಟ್ರು ಹೇಳಿದ್ದು ಸರಿ. ಮಾರನೇ ದಿನದ ಪಾಠದಲ್ಲಿ ಬೈಲಕುಪ್ಪೆಗೆ ಬನ್ನಿ. ನಮ್ಮ ಮಕ್ಕಳಿಗೆ ಕ್ಯಾಂಪ್ ಅಂದರೆ ಗೋಲ್ಡನ್ ಟೆಂಪಲ್, ಮೊಮೊ, ಅಷ್ಟೇ ಅಲ್ವಾ? 1960ರ ಸುಮಾರಿಗೆ ಮೈಸೂರು ರಾಜ್ಯ ಟಿಬೆಟನ್ನರಿಗೆ ಕೊಟ್ಟಿದ್ದು ಕಾಡು. ಮರ ಕಡಿದು, ಆನೆ ಕಾಟ ತಡೆದುಕೊಂಡು, ಮುಸುಕಿನ ಜೋಳ ಬೆಳೆದರು. ಇಲ್ಲೇ ಹುಟ್ಟಿದ ಎಷ್ಟೋ ಜನ ಇವತ್ತಿಗೂ ವಿದೇಶಿಯರ ನೋಂದಣಿ ಪತ್ರ ಇಟ್ಟುಕೊಂಡೇ ಓಡಾಡಬೇಕು. ಅದನ್ನೂ ಹೇಳಿ.

ಸಮಾಜ_ಮೇಡಂ:
ಇಬ್ಬರಿಗೂ ಥ್ಯಾಂಕ್ಸ್. ಸೋಮವಾರ ಹಿಂದಿನ ಬೆಂಚಿನವರ ಕೈಲೇ ನಿಯಮ ಬರೆಸುತ್ತೇನೆ. ನೋಂದಣಿ ಪತ್ರದ ಮಾತು ಮಾತ್ರ ಆ ಹುಡುಗನ ಮನೆಯವರನ್ನು ಕೇಳದೆ ಎತ್ತಲ್ಲ. ಮೇಷ್ಟ್ರೇ, ಹಡಗಿನ ಪಾಠಕ್ಕೆ ಒಂದು ಪೀರಿಯಡ್ ಸಾಕಾ, ಎರಡು ಬೇಕಾ?